ಒಂದು ಕಿಟಕಿ, ಮೂರು ಪುಟ, ಒಂದೇ ವಿಳಾಸ: ವೆಬ್‌ಸೈಟ್ ಫ್ರೇಮ್‌ಗಳ ಕಥೆ

ಜಾವಾ ಲ್ಯಾಬ್‌ಗೋಸ್ಕರ ಜಾವಾ 8ರ ಎಪಿಐ ಡಾಕ್ಯುಮೆಂಟೇಶನ್ ತೆರೆದವರು ಒಂದು ವಿಷಯ ಗಮನಿಸಿರಬಹುದು. ಪರದೆ ಮೂರು ಭಾಗ ಆಗಿರತ್ತೆ. ಎಡಗಡೆ ಮೇಲೆ ಪ್ಯಾಕೇಜ್‌ಗಳ ಪಟ್ಟಿ, ಅದರ ಕೆಳಗೆ ಕ್ಲಾಸ್‌ಗಳ ಪಟ್ಟಿ, ಬಲಗಡೆ ದೊಡ್ಡ ಜಾಗದಲ್ಲಿ ಆ ಕ್ಲಾಸ್‌ನ ವಿವರ. ಮೂರೂ ಬೇರೆ ಬೇರೆಯಾಗಿ ಸ್ಕ್ರೋಲ್ ಆಗ್ತವೆ. ಅರೇಲಿಸ್ಟ್ ಮೇಲೆ ಕ್ಲಿಕ್ ಮಾಡಿದ್ರೆ ಬಲಗಡೆ ಮಾತ್ರ ಬದಲಾಗತ್ತೆ, ಎಡಗಡೆ ಪಟ್ಟಿ ಅಲ್ಲಾಡೋದೇ ಇಲ್ಲ. ತುಂಬಾ ಅನುಕೂಲ ಅನ್ಸತ್ತೆ. ಆದರೆ ಆ ಪುಟವನ್ನು ಫ್ರೆಂಡ್‌ಗೆ ಕಳಿಸೋಣ ಅಂತ ಅಡ್ರೆಸ್ ಬಾರ್‌ನಿಂದ ಲಿಂಕ್ ಕಾಪಿ ಮಾಡಿ ಕಳಿಸಿದ್ರೆ, ಅವರಿಗೆ ತೆರೆದುಕೊಳ್ಳೋದು ಅರೇಲಿಸ್ಟ್ ಅಲ್ಲ, ಮೊದಲ ಪುಟ.

ಈ ಅನುಕೂಲ, ಈ ತೊಂದರೆ ಎರಡಕ್ಕೂ ಕಾರಣ ಒಂದೇ: ಫ್ರೇಮ್. ನಮ್ಮ ಸಿಲಬಸ್‌ನ ವೆಬ್ ಪುಸ್ತಕಗಳಲ್ಲಿ ಇದರ ಬಗ್ಗೆ ಒಂದು ಪುಟ ಇದ್ದರೆ ಹೆಚ್ಚು. "ಹಳೆಯದು, ಬಳಸಬೇಡಿ" ಅಂತ ಹೇಳಿ ಮುಂದಕ್ಕೆ ಹೋಗ್ತಾರೆ. ಯಾಕೆ ಬಂತು, ಯಾಕೆ ಹೋಯ್ತು ಅಂತ ತಿಳಿದುಕೊಳ್ಳದೆ ಬಿಟ್ಟರೆ ಅದೇ ತಪ್ಪನ್ನು ಹೊಸ ಹೆಸರಿನಲ್ಲಿ ಮಾಡೋ ಸಾಧ್ಯತೆ ಜಾಸ್ತಿ. ಅದಕ್ಕೇ ಈ ಲೇಖನ.

ಫ್ರೇಮ್ ಅಂದ್ರೆ ಏನು?

ಸಾಮಾನ್ಯವಾಗಿ ಒಂದು ಬ್ರೌಸರ್ ಕಿಟಕಿಯಲ್ಲಿ ಒಂದು ಎಚ್‌ಟಿಎಂಎಲ್ ಪುಟ ಇರುತ್ತದೆ. ಫ್ರೇಮ್ ಬಳಸಿದರೆ ಅದೇ ಕಿಟಕಿಯನ್ನು ಖಾನೆಗಳಾಗಿ ಕೊಯ್ದು, ಒಂದೊಂದು ಖಾನೆಯಲ್ಲಿ ಒಂದೊಂದು ಪೂರ್ತಿ ಪುಟ ಕೂರಿಸಬಹುದು. ಕೊಯ್ಯುವ ಕೆಲಸ ಮಾಡೋದು ಫ್ರೇಮ್‌ಸೆಟ್ ಅನ್ನೋ ಟ್ಯಾಗ್. ಈ ಟ್ಯಾಗ್ ಇರೋ ಪುಟದಲ್ಲಿ ಬಾಡಿ ಟ್ಯಾಗ್ ಇರೋದಿಲ್ಲ. ಅದರ ಜಾಗದಲ್ಲಿ ಫ್ರೇಮ್‌ಸೆಟ್ ಬರುತ್ತದೆ. ಅಂದ್ರೆ ಆ ಪುಟಕ್ಕೆ ತನ್ನದೇ ಆದ ವಿಷಯ ಏನೂ ಇಲ್ಲ, ಅದು ಬರೀ ಖಾನೆಗಳ ನಕ್ಷೆ.

ಅಳತೆ ಕೊಡೋದು ಎರಡು ಆಟ್ರಿಬ್ಯೂಟ್‌ಗಳಿಂದ. ಉದ್ದುದ್ದ ಕೊಯ್ಯೋಕೆ ಕಾಲ್ಸ್, ಅಡ್ಡಡ್ಡ ಕೊಯ್ಯೋಕೆ ರೋಸ್. ಕಾಲ್ಸ್‌ಗೆ "200,*" ಅಂತ ಕೊಟ್ಟರೆ ಎಡಗಡೆ 200 ಪಿಕ್ಸೆಲ್, ಉಳಿದದ್ದೆಲ್ಲ ಬಲಗಡೆಗೆ. "20%,80%" ಅಂತಲೂ ಕೊಡಬಹುದು. ಒಂದು ಫ್ರೇಮ್‌ಸೆಟ್ ಒಳಗೆ ಇನ್ನೊಂದನ್ನು ಹಾಕಬಹುದು. ಜಾವಾ ಡಾಕ್ಯುಮೆಂಟೇಶನ್‌ನ ಮೂರು ಭಾಗ ಬಂದಿದ್ದು ಹೀಗೆ: ಮೊದಲು ಉದ್ದಕ್ಕೆ ಎರಡು ಭಾಗ, ಆಮೇಲೆ ಎಡಗಡೆ ಭಾಗವನ್ನು ಅಡ್ಡಕ್ಕೆ ಎರಡು ಭಾಗ.

ಪ್ರತಿ ಖಾನೆಗೆ ಒಂದು ಫ್ರೇಮ್ ಟ್ಯಾಗ್. ಅದರಲ್ಲಿ ಯಾವ ಫೈಲ್ ತೋರಿಸಬೇಕು ಅನ್ನೋದು ಒಂದು, ಆ ಖಾನೆಯ ಹೆಸರೇನು ಅನ್ನೋದು ಇನ್ನೊಂದು. ಈ ಹೆಸರೇ ನ್ಯಾವಿಗೇಶನ್‌ಗೆ ಮೂಲ. ಮೆನು ಪುಟದ ಲಿಂಕ್‌ನಲ್ಲಿ ಟಾರ್ಗೆಟ್ ಆಟ್ರಿಬ್ಯೂಟ್‌ಗೆ "ಮೇನ್" ಅಂತ ಕೊಟ್ಟರೆ, ಕ್ಲಿಕ್ ಎಡಗಡೆ ಆದರೂ ಪುಟ ತೆರೆಯೋದು ಮೇನ್ ಹೆಸರಿನ ಖಾನೆಯಲ್ಲಿ. ಇದರ ಜೊತೆ ಅಂಡರ್‌ಸ್ಕೋರ್‌ನಿಂದ ಶುರುವಾಗೋ ನಾಲ್ಕು ಸಿದ್ಧ ಹೆಸರುಗಳಿವೆ. ಸೆಲ್ಫ್ ಅಂದ್ರೆ ಕ್ಲಿಕ್ ಮಾಡಿದ ಖಾನೆಯಲ್ಲೇ. ಪೇರೆಂಟ್ ಅಂದ್ರೆ ಅದರ ಮೇಲಿನ ಫ್ರೇಮ್‌ಸೆಟ್‌ನಲ್ಲಿ. ಟಾಪ್ ಅಂದ್ರೆ ಎಲ್ಲ ಖಾನೆಗಳನ್ನೂ ಕಿತ್ತುಹಾಕಿ ಪೂರ್ತಿ ಕಿಟಕಿಯಲ್ಲಿ. ಬ್ಲ್ಯಾಂಕ್ ಅಂದ್ರೆ ಹೊಸ ಕಿಟಕಿಯಲ್ಲಿ. ಲಿಂಕ್ ಹೊಸ ಟ್ಯಾಬ್‌ನಲ್ಲಿ ತೆರೆಯಲಿ ಅಂತ ನಾವು ಈಗಲೂ ಟಾರ್ಗೆಟ್ ಬ್ಲ್ಯಾಂಕ್ ಬರೀತೀವಲ್ಲ, ಅದು ಫ್ರೇಮ್ ಕಾಲದಿಂದ ಉಳಿದುಕೊಂಡು ಬಂದ ಪದ.

ಯಾಕೆ ಬೇಕಾಯ್ತು?

ಫ್ರೇಮ್ ತಂದದ್ದು ನೆಟ್‌ಸ್ಕೇಪ್ ಕಂಪನಿ. 1995ರಲ್ಲಿ ಪ್ರಸ್ತಾಪ ಮಾಡಿ, ನೆಟ್‌ಸ್ಕೇಪ್ ನ್ಯಾವಿಗೇಟರ್ 2.0ರಲ್ಲಿ ಕೊಟ್ಟರು. ಅದೇ ವರ್ಷ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಶುರು ಮಾಡಿತ್ತು. ಆ ಕಾಲದ ಸ್ಪೀಡ್ ಗೊತ್ತಾದ್ರೆ ಫ್ರೇಮ್ ಯಾಕೆ ಬೇಕಾಯ್ತು ಅಂತ ಅರ್ಥ ಆಗತ್ತೆ.

ಒಂದು ಸಣ್ಣ ಲೆಕ್ಕ ಮಾಡೋಣ. 28.8 ಕೆಬಿಪಿಎಸ್ ಮೋಡೆಮ್, ಅದೂ ಪೂರ್ತಿ ವೇಗದಲ್ಲಿ ಓಡ್ತಿದೆ ಅಂತಿಟ್ಟುಕೊಳ್ಳಿ. 28,800 ಬಿಟ್ ಅನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ 3,600 ಬೈಟ್. ಸೈಟ್‌ನ ಮೆನು ಭಾಗದ ಎಚ್‌ಟಿಎಂಎಲ್ 15,000 ಬೈಟ್ ಇದ್ದರೆ ಅದೊಂದೇ ಇಳಿಯೋಕೆ 4 ಸೆಕೆಂಡಿಗಿಂತ ಜಾಸ್ತಿ ಬೇಕು. ಮೆನು ಪ್ರತಿ ಪುಟದಲ್ಲೂ ಇದ್ದರೆ ಪ್ರತಿ ಕ್ಲಿಕ್‌ಗೂ ಅಷ್ಟು ಕಾಯಬೇಕು. ಹತ್ತು ಪುಟ ನೋಡಿದರೆ 40 ಸೆಕೆಂಡ್ ಬರೀ ಮೆನುಗೆ ಹೋಯ್ತು, ಫೋನ್ ಬಿಲ್ ಬೇರೆ. ಮೆನುವನ್ನು ಒಂದು ಫ್ರೇಮ್‌ನಲ್ಲಿ ಇಟ್ಟರೆ ಅದು ಒಂದೇ ಸಲ ಇಳಿಯತ್ತೆ.

ಎರಡನೇ ಕಾರಣ ನಿರ್ವಹಣೆ. 40 ಪುಟಗಳ ಸೈಟ್, ಪ್ರತಿ ಪುಟದಲ್ಲೂ ಮೆನು ಕಾಪಿ ಮಾಡಿ ಹಾಕಿದ್ದೀರಿ. ಒಂದು ಹೊಸ ಲಿಂಕ್ ಸೇರಿಸಬೇಕು ಅಂದ್ರೆ 40 ಫೈಲ್ ತೆರೆದು ತಿದ್ದಬೇಕು. ಜಿಯೋಸಿಟೀಸ್ ತರಹದ ಉಚಿತ ಜಾಗಗಳಲ್ಲಿ ಸೈಟ್ ಮಾಡ್ತಿದ್ದ ಹವ್ಯಾಸಿಗಳಿಗೆ ಸರ್ವರ್‌ನಲ್ಲಿ ತಮ್ಮದೇ ಪ್ರೋಗ್ರಾಂ ಓಡಿಸೋ ಅವಕಾಶ ಇರಲಿಲ್ಲ. ಫ್ರೇಮ್ ಬಳಸಿದರೆ ಮೆನು ಒಂದೇ ಫೈಲ್. ಅಲ್ಲಿ ತಿದ್ದಿದರೆ ಎಲ್ಲ ಕಡೆ ತಿದ್ದಿದ ಹಾಗೆ.

ಮೂರನೇದು, ಮೆನು ಕಣ್ಣೆದುರಿಗೇ ನಿಲ್ಲತ್ತೆ. ಉದ್ದದ ಪುಟವನ್ನು ಎಷ್ಟು ಕೆಳಗೆ ಸ್ಕ್ರೋಲ್ ಮಾಡಿದರೂ ಮೆನು ಮರೆಯಾಗಲ್ಲ. ಇದನ್ನು ಮಾಡೋಕೆ ಆಗ ಸಿಎಸ್‌ಎಸ್‌ನಲ್ಲಿ ದಾರಿಯೇ ಇರಲಿಲ್ಲ.

ಅಂದ್ರೆ ಫ್ರೇಮ್ ಮಾಡಿದವರು ದಡ್ಡರಲ್ಲ. ಮೂರು ನಿಜವಾದ ಸಮಸ್ಯೆಗಳಿಗೆ ಒಂದೇ ಏಟಿಗೆ ಉತ್ತರ ಕೊಟ್ಟಿದ್ದರು. 1997ರ ಡಿಸೆಂಬರ್‌ನಲ್ಲಿ ಬಂದ ಎಚ್‌ಟಿಎಂಎಲ್ 4.0 ಫ್ರೇಮ್‌ಗಳನ್ನು ಅಧಿಕೃತವಾಗಿ ಸೇರಿಸಿಕೊಂಡಿತು.

ಎಲ್ಲಿ ಎಡವಿತು?

ಆದರೆ ಅದಕ್ಕೆ ಒಂದು ವರ್ಷ ಮೊದಲೇ, 1996ರ ಡಿಸೆಂಬರ್‌ನಲ್ಲಿ, ಯೂಸಬಿಲಿಟಿ ತಜ್ಞ ಜೇಕಬ್ ನೀಲ್ಸನ್ ಫ್ರೇಮ್‌ಗಳು ಹೆಚ್ಚಿನ ಸಂದರ್ಭಗಳಲ್ಲಿ ಕೆಟ್ಟವು ಅಂತ ಲೇಖನ ಬರೆದು ಎಚ್ಚರಿಸಿದ್ದರು. ಅವರ ವಾದದ ತಿರುಳನ್ನು ನಮ್ಮ ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಇದು ಸ್ಟೇಟ್‌ನ ಸಮಸ್ಯೆ.

ಫ್ರೇಮ್ ಇಲ್ಲದ ವೆಬ್‌ನಲ್ಲಿ ನಿಯಮ ಸರಳ: ಒಂದು ಪುಟ, ಒಂದು ವಿಳಾಸ. ಪರದೆ ಮೇಲೆ ಏನಿದೆ ಅಂತ ಹೇಳೋಕೆ ಒಂದು ಯುಆರ್‌ಎಲ್ ಸಾಕು. ಬುಕ್‌ಮಾರ್ಕ್, ಬ್ಯಾಕ್ ಬಟನ್, ರಿಫ್ರೆಶ್, ಸರ್ಚ್ ಇಂಜಿನ್, ಲಿಂಕ್ ಕಳಿಸೋದು, ಇವೆಲ್ಲ ನಿಂತಿರೋದು ಆ ನಿಯಮದ ಮೇಲೆ.

ಫ್ರೇಮ್ ಬಂದಾಗ ಆ ನಿಯಮ ಮುರಿಯಿತು. ಎಡಗಡೆ ಖಾನೆಯಲ್ಲಿ 3 ಬಗೆಯ ಮೆನು, ಬಲಗಡೆ 20 ಪುಟ ಇದ್ದರೆ ಪರದೆ 60 ರೀತಿ ಕಾಣಿಸಬಹುದು. ಅಡ್ರೆಸ್ ಬಾರ್‌ನಲ್ಲಿ ಮಾತ್ರ ಒಂದೇ ವಿಳಾಸ, ಫ್ರೇಮ್‌ಸೆಟ್ ಪುಟದ್ದು. 60 ಸ್ಥಿತಿಗೆ ಒಂದು ಹೆಸರು. ಉಳಿದ 59ಕ್ಕೆ ಹೆಸರೇ ಇಲ್ಲ.

ಇಷ್ಟು ಅರ್ಥವಾದರೆ ಉಳಿದ ತೊಂದರೆಗಳನ್ನು ನಾವೇ ಊಹಿಸಬಹುದು. ಬುಕ್‌ಮಾರ್ಕ್ ಮಾಡಿದರೆ ಯಾವಾಗಲೂ ಮೊದಲ ಸ್ಥಿತಿಯೇ ಉಳಿಯತ್ತೆ. ಲಿಂಕ್ ಕಳಿಸಿದರೂ ಅಷ್ಟೇ. ನ್ಯಾವಿಗೇಟರ್ 2.0ರಲ್ಲಂತೂ ಬ್ಯಾಕ್ ಒತ್ತಿದರೆ ಹಿಂದಿನ ಪುಟಕ್ಕೆ ಹೋಗೋ ಬದಲು ಇಡೀ ಫ್ರೇಮ್‌ಸೆಟ್‌ನಿಂದಲೇ ಆಚೆ ಬೀಳ್ತಿದ್ದರು. ಮುಂದಿನ ವರ್ಶನ್‌ನಲ್ಲಿ ಅದನ್ನು ಸರಿ ಮಾಡಿದರು. ಪ್ರಿಂಟ್ ಕೊಟ್ಟರೆ ಯಾವ ಖಾನೆ ಪ್ರಿಂಟ್ ಆಗಬೇಕು ಅನ್ನೋ ಗೊಂದಲ ಬೇರೆ.

ಸರ್ಚ್ ಇಂಜಿನ್ ಕಡೆಯಿಂದ ಇದರ ತಿರುಗುಮುರುಗು. ಅದು ಒಳಗಿನ ಪುಟವನ್ನು ನೇರವಾಗಿ ಹುಡುಕಿ ತೋರಿಸತ್ತೆ. ಕ್ಲಿಕ್ ಮಾಡಿದವರಿಗೆ ಬರೀ ಆ ಪುಟ ಸಿಗುತ್ತದೆ, ಮೆನು ಇಲ್ಲ, ಸೈಟ್‌ನ ಹೆಸರೂ ಇಲ್ಲ. ಅನಾಥ ಪುಟ. ಇದಕ್ಕೆ ಕೆಲವರು ಜಾವಾಸ್ಕ್ರಿಪ್ಟ್ ಬರೆದು, ಪುಟ ಒಂಟಿಯಾಗಿ ತೆರೆದರೆ ಫ್ರೇಮ್‌ಸೆಟ್ ಒಳಗೆ ಎಳೆದು ತರ್ತಿದ್ದರು. ಒಂದು ತೇಪೆಗೆ ಇನ್ನೊಂದು ತೇಪೆ.

ಟಾರ್ಗೆಟ್ ಬರೆಯೋಕೆ ಮರೆತರೆ ಇನ್ನೊಂದು ತಮಾಷೆ. ಆಗ ಹೊಸ ಪುಟ 150 ಪಿಕ್ಸೆಲ್ ಅಗಲದ ಮೆನು ಖಾನೆಯೊಳಗೇ ಹಿಸುಕಿಕೊಂಡು ತೆರೆಯತ್ತೆ. "ಹೋಮ್" ಲಿಂಕ್‌ಗೆ ಟಾಪ್ ಅಂತ ಕೊಡದಿದ್ದರೆ ಬಲಗಡೆ ಖಾನೆಯೊಳಗೆ ಇಡೀ ಸೈಟ್ ಇನ್ನೊಮ್ಮೆ ತೆರೆದು, ಎರಡೆರಡು ಮೆನು ಅಕ್ಕಪಕ್ಕ ನಿಲ್ತವೆ.

ಜಾಗದ ಲೆಕ್ಕವೂ ಇದೆ. 800×600 ಮಾನಿಟರ್‌ನಲ್ಲಿ ಮೇಲೆ 100 ಪಿಕ್ಸೆಲ್ ಬ್ಯಾನರ್, ಪಕ್ಕಕ್ಕೆ 150 ಪಿಕ್ಸೆಲ್ ಮೆನು ಇಟ್ಟರೆ ವಿಷಯಕ್ಕೆ ಉಳಿಯೋದು 650×500, ಅಂದ್ರೆ ಸುಮಾರು 68%. ಬ್ರೌಸರ್‌ನ ಸ್ವಂತ ಪಟ್ಟಿಗಳನ್ನು ಕಳೆದರೆ ಇನ್ನೂ ಕಡಿಮೆ. 360 ಪಿಕ್ಸೆಲ್ ಅಗಲದ ಮೊಬೈಲ್‌ನಲ್ಲಿ 200 ಪಿಕ್ಸೆಲ್ ಮೆನು ನಿಂತರೆ ಓದೋಕೆ ಏನು ಉಳಿಯತ್ತೆ ನೀವೇ ಲೆಕ್ಕ ಹಾಕಿ.

ನಮ್ಮ ಗಮನಕ್ಕೆ ಸುಲಭವಾಗಿ ಬಾರದ ತೊಂದರೆ ಒಂದಿದೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಮೂಲಕ ಪುಟ ಕೇಳುತ್ತಾರೆ. ಕಣ್ಣಿದ್ದವರಿಗೆ ಒಂದೇ ನೋಟಕ್ಕೆ "ಇದು ಮೆನು, ಇದು ವಿಷಯ" ಅಂತ ಗೊತ್ತಾಗತ್ತೆ. ಕೇಳುವವರಿಗೆ ಅವು ಸಂಬಂಧವೇ ಇಲ್ಲದ ಮೂರು ದಾಖಲೆಗಳು. ಫ್ರೇಮ್‌ಗೆ ಅರ್ಥವಾಗೋ ಟೈಟಲ್ ಕೊಡದಿದ್ದರೆ ಯಾವುದರಲ್ಲಿ ಏನಿದೆ ಅಂತ ತಿಳಿಯೋಕೆ ಒಂದೊಂದನ್ನೂ ಹೊಕ್ಕು ನೋಡಬೇಕು. ಎಡಗಡೆ ಕ್ಲಿಕ್ ಮಾಡಿದಾಗ ಬಲಗಡೆ ಏನೋ ಬದಲಾಯ್ತು ಅನ್ನೋದೇ ಅವರಿಗೆ ತಿಳಿಯದೆ ಹೋಗಬಹುದು.

ಕೋರ್ಟ್ ಮೆಟ್ಟಿಲು ಹತ್ತಿದ ಫ್ರೇಮ್

ಬಲಗಡೆ ಖಾನೆಯಲ್ಲಿ ನಮ್ಮದೇ ಪುಟ ಇರಬೇಕು ಅಂತೇನಿಲ್ಲ, ಬೇರೆಯವರ ಸೈಟನ್ನೂ ತೋರಿಸಬಹುದು. ಅಮೆರಿಕದ ಟೋಟಲ್‌ನ್ಯೂಸ್ ಅನ್ನೋ ಸೈಟ್ ಇದನ್ನೇ ಮಾಡಿತು. ದೊಡ್ಡ ಪತ್ರಿಕೆಗಳ ಸುದ್ದಿಯನ್ನು ಒಂದು ಖಾನೆಯಲ್ಲಿ ತೋರಿಸಿ, ಸುತ್ತಲಿನ ಖಾನೆಗಳಲ್ಲಿ ತನ್ನ ಹೆಸರು, ತನ್ನ ಜಾಹೀರಾತು ಇಟ್ಟಿತು. 1997ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ಪೋಸ್ಟ್, ಸಿಎನ್‌ಎನ್, ರಾಯಿಟರ್ಸ್ ಸೇರಿದಂತೆ ಹಲವು ಸಂಸ್ಥೆಗಳು ನ್ಯೂಯಾರ್ಕ್‌ನಲ್ಲಿ ಕೇಸ್ ಹಾಕಿದವು. ಅದೇ ವರ್ಷ ಜೂನ್‌ನಲ್ಲಿ ರಾಜಿ ಆಯ್ತು. ಲಿಂಕ್ ಕೊಡಬಹುದು, ಆದರೆ ಫ್ರೇಮ್ ಒಳಗೆ ಹಾಕಬಾರದು ಅನ್ನೋದು ಒಪ್ಪಂದ. ರಾಜಿ ಆದ್ದರಿಂದ ಕಾನೂನಿನ ತೀರ್ಪು ಅಂತ ಏನೂ ಬರಲಿಲ್ಲ. ಆದರೆ ಅಡ್ರೆಸ್ ಬಾರ್‌ನಲ್ಲಿ ಒಬ್ಬರ ಹೆಸರು, ಪರದೆ ಮೇಲೆ ಇನ್ನೊಬ್ಬರ ವಿಷಯ ಅನ್ನೋದು ಎಷ್ಟು ದೊಡ್ಡ ಸಮಸ್ಯೆ ಅಂತ ಆಗಲೇ ಗೊತ್ತಾಗಿತ್ತು.

ಅದು ಬರೀ ವ್ಯಾಪಾರದ ಜಗಳ ಅಲ್ಲ, ಸೆಕ್ಯುರಿಟಿಯ ತೂತೂ ಹೌದು. ಮೊದಲು ಹೇಳಿದ ಜಾವಾ ಡಾಕ್ಯುಮೆಂಟೇಶನ್‌ಗೇ ಮತ್ತೆ ಬರೋಣ. ಒಳಗಿನ ಪುಟಕ್ಕೆ ವಿಳಾಸ ಇಲ್ಲ ಅನ್ನೋ ತೊಂದರೆಗೆ ಜಾವಾಡಾಕ್ ಒಂದು ಉಪಾಯ ಮಾಡಿತ್ತು. ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಪುಟದ ಹೆಸರು ಬರೆದರೆ, ಜಾವಾಸ್ಕ್ರಿಪ್ಟ್ ಅದನ್ನು ಓದಿ ಬಲಗಡೆ ಖಾನೆಯಲ್ಲಿ ಆ ಪುಟ ತೆರೆಯುತ್ತದೆ. ಆದರೆ ಹೆಸರನ್ನು ಸರಿಯಾಗಿ ಪರೀಕ್ಷೆ ಮಾಡ್ತಿರಲಿಲ್ಲ. ಪುಟದ ಹೆಸರಿನ ಜಾಗದಲ್ಲಿ ಕಳ್ಳ ಸೈಟ್‌ನ ವಿಳಾಸ ಕೊಟ್ಟರೆ, ನಂಬಿಕೆಯ ಸೈಟ್‌ನ ಒಳಗೇ ಆ ಕಳ್ಳ ಪುಟ ಕಾಣಿಸ್ತಿತ್ತು. ಮೇಲೆ ನೋಡಿದರೆ ವಿಳಾಸ ಸಾಚಾ, ಒಳಗೆ ನಕಲಿ ಲಾಗಿನ್ ಪುಟ. 2013ರ ಜೂನ್‌ನಲ್ಲಿ ಇದು ಸಿವಿಇ-2013-1571 ಅನ್ನೋ ನಂಬರ್‌ನಲ್ಲಿ ಬಯಲಾಯ್ತು. ಜಗತ್ತಿನ ಎಷ್ಟೋ ಸರ್ವರ್‌ಗಳಲ್ಲಿ ಆಗಲೇ ಹಾಕಿದ್ದ ಡಾಕ್ಯುಮೆಂಟೇಶನ್ ಪುಟಗಳನ್ನು ತಿದ್ದೋಕೆ ಒರೇಕಲ್ ಪ್ರತ್ಯೇಕ ಟೂಲ್ ಕೊಡಬೇಕಾಯ್ತು. ಕೊನೆಗೆ ಜಾವಾ 11ರಿಂದ ಜಾವಾಡಾಕ್ ತಾನಾಗಿ ಫ್ರೇಮ್ ಹಾಕೋದನ್ನು ನಿಲ್ಲಿಸಿತು, 13ರಲ್ಲಿ ಫ್ರೇಮ್ ಆಯ್ಕೆಯನ್ನೇ ತೆಗೆದರು.

ಆ ಹೊತ್ತಿಗೆ ಎಚ್‌ಟಿಎಂಎಲ್ 5 ಕೂಡ ಫ್ರೇಮ್‌ಸೆಟ್, ಫ್ರೇಮ್, ನೋಫ್ರೇಮ್ಸ್ ಮೂರನ್ನೂ ಬಳಕೆ ತಪ್ಪಿದ ಟ್ಯಾಗ್‌ಗಳ ಪಟ್ಟಿಗೆ ಸೇರಿಸಿಯಾಗಿತ್ತು. ಅದು 2014ರ ಅಕ್ಟೋಬರ್‌ನಲ್ಲಿ ಅಧಿಕೃತವಾಯ್ತು. ಹಳೆ ಸೈಟ್‌ಗಳು ಕೆಡಬಾರದು ಅಂತ ಬ್ರೌಸರ್‌ಗಳು ಈಗಲೂ ಅವನ್ನು ತೋರಿಸ್ತವೆ. ಹೊಸದಾಗಿ ಬರೆಯೋರು ಮಾತ್ರ ಬಳಸಬಾರದು.

ಹಾಗಾದ್ರೆ ಈಗ ಏನು ಬಳಸಬೇಕು?

ಫ್ರೇಮ್ ಮೂರು ಸಮಸ್ಯೆಗೆ ಒಂದೇ ಉತ್ತರ ಕೊಟ್ಟಿತ್ತು ಅಂದೆವಲ್ಲ, ಈಗ ಮೂರಕ್ಕೂ ಬೇರೆ ಬೇರೆ ಉತ್ತರ ಇದೆ.

ಮೆನು ಒಂದೇ ಕಡೆ ಬರೆಯೋದಕ್ಕೆ: ಸರ್ವರ್‌ನಲ್ಲೇ ಸೇರಿಸೋದು. ಪಿಎಚ್‌ಪಿಯಲ್ಲಿ ಇನ್‌ಕ್ಲೂಡ್, ಫ್ಲಾಸ್ಕ್ ಅಥವಾ ಜಾಂಗೋದಲ್ಲಿ ಬೇಸ್ ಟೆಂಪ್ಲೇಟ್. ಫೈಲ್ ಒಂದೇ, ಆದರೆ ಬ್ರೌಸರ್‌ಗೆ ತಲುಪೋದು ಪೂರ್ತಿಯಾದ ಒಂದು ಪುಟ.

ಮೆನು ಕಣ್ಣೆದುರು ನಿಲ್ಲಿಸೋದಕ್ಕೆ: ಸಿಎಸ್‌ಎಸ್. ಪೊಸಿಶನ್ ಸ್ಟಿಕಿ ಕೊಟ್ಟರೆ ಸ್ಕ್ರೋಲ್ ಮಾಡಿದರೂ ಮೆನು ಮೇಲೆ ಅಂಟಿಕೊಂಡು ನಿಲ್ಲತ್ತೆ. ಖಾನೆ ಹಾಕೋದಕ್ಕೆ ಗ್ರಿಡ್ ಇದೆ, 2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್‌ಗಳಿಗೆ ಬಂತು. ಗ್ರಿಡ್‌ನಲ್ಲಿ ಕಾಲಂಗಳಿಗೆ "200 ಪಿಎಕ್ಸ್ 1 ಎಫ್‌ಆರ್" ಅಂತ ಕೊಡ್ತೀವಲ್ಲ, ಅದು ಫ್ರೇಮ್‌ಸೆಟ್‌ನ "200,*" ಕೊಯ್ತವೇ. ವ್ಯತ್ಯಾಸ ಏನಂದ್ರೆ ಇಲ್ಲಿ ಕೊಯ್ಯೋದು ಒಂದೇ ಪುಟದ ನೋಟವನ್ನು, ದಾಖಲೆಯನ್ನಲ್ಲ. ಮೊಬೈಲ್ ಬಂದರೆ ಮೀಡಿಯಾ ಕ್ವೆರಿ ಹಾಕಿ ಒಂದೇ ಕಾಲಂ ಮಾಡಬಹುದು.

ಬೇಕಾದ ಭಾಗ ಮಾತ್ರ ತರಿಸೋದಕ್ಕೆ: ಜಾವಾಸ್ಕ್ರಿಪ್ಟ್‌ನ ಫೆಚ್, ಜೊತೆಗೆ ಹಿಸ್ಟರಿ ಎಪಿಐ. ಫೆಚ್ ವಿಷಯ ತರುತ್ತದೆ, ಹಿಸ್ಟರಿ ಎಪಿಐನ ಪುಶ್‌ಸ್ಟೇಟ್ ಅಡ್ರೆಸ್ ಬಾರ್ ಬದಲಾಯಿಸುತ್ತದೆ. ಇವೆರಡೂ ಜೊತೆಯಲ್ಲೇ ಇರಬೇಕು. ಮೊದಲನೇದು ಮಾತ್ರ ಮಾಡಿ ಎರಡನೇದು ಬಿಟ್ಟರೆ ನಾವು ಮಾಡಿರೋದು ಮತ್ತದೇ ಫ್ರೇಮ್‌ಸೆಟ್, ಬರೀ ಹೊಸ ಬಟ್ಟೆ ತೊಟ್ಟಿದೆ ಅಷ್ಟೇ.

ಉಳಿದುಕೊಂಡ ತಮ್ಮ: ಐಫ್ರೇಮ್

ಫ್ರೇಮ್ ಕುಟುಂಬದಲ್ಲಿ ಬದುಕಿರೋದು ಐಫ್ರೇಮ್ ಒಂದೇ. 1996ರಲ್ಲಿ ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 3ರ ಜೊತೆ ತಂದದ್ದು. ಇದು ಕಿಟಕಿಯನ್ನು ಕೊಯ್ಯೋದಿಲ್ಲ. ಸಾಮಾನ್ಯ ಪುಟದ ಮಧ್ಯೆ ಒಂದು ಚಿತ್ರ ಇಟ್ಟ ಹಾಗೆ ಇನ್ನೊಂದು ಪುಟ ಇಡುತ್ತದೆ. ನಮ್ಮ ಫೆಸ್ಟ್ ಸೈಟ್‌ಗಳಲ್ಲಿ ಯೂಟ್ಯೂಬ್ ವಿಡಿಯೋ, ಗೂಗಲ್ ಮ್ಯಾಪ್ ಹಾಕೋದು ಇದರಿಂದಲೇ. ಬೇರೆಯವರ ಪುಟವನ್ನು ಅವರ ಒಪ್ಪಿಗೆಯಿಂದ ಒಂದು ಪೆಟ್ಟಿಗೆಯೊಳಗೆ ತೋರಿಸೋದಕ್ಕೆ ಇದು ಸರಿಯಾದ ಸಾಧನ. ಒಳಗಿನ ಪುಟ, ಹೊರಗಿನ ಪುಟ ಬೇರೆ ಬೇರೆ ಡೊಮೇನ್‌ನವಾದರೆ ಒಬ್ಬರ ಡೇಟಾ ಒಬ್ಬರು ಓದದ ಹಾಗೆ ಬ್ರೌಸರ್ ತಡೆಯತ್ತೆ. ಇದಕ್ಕೆ ಸೇಮ್ ಒರಿಜಿನ್ ಪಾಲಿಸಿ ಅಂತಾರೆ. ನಮ್ಮದೇ ಸೈಟ್‌ನ ಮೆನುಗೆ ಮಾತ್ರ ಐಫ್ರೇಮ್ ಬೇಡ, ಹಳೇ ತೊಂದರೆಗಳೆಲ್ಲ ವಾಪಸ್ ಬರ್ತವೆ.

ಓದೋಕೆ ಆಗದಿದ್ದರೂ ಮೋಸ ಮಾಡೋಕೆ ಆಗತ್ತೆ. ಉದಾಹರಣೆಗೆ, ಒಬ್ಬ ಕಿಡಿಗೇಡಿ "ಬಹುಮಾನ ಗೆಲ್ಲಿ" ಅನ್ನೋ ಬಟನ್ ಇರೋ ಪುಟ ಮಾಡ್ತಾನೆ. ಅದರ ಮೇಲೆ ಐಫ್ರೇಮ್‌ನಲ್ಲಿ ನೀವು ಲಾಗಿನ್ ಆಗಿರೋ ಸೈಟ್ ತೆರೆದು, ಸಿಎಸ್‌ಎಸ್‌ನಿಂದ ಪೂರ್ತಿ ಪಾರದರ್ಶಕ ಮಾಡ್ತಾನೆ. ಆ ಸೈಟ್‌ನ "ಡಿಲೀಟ್ ಅಕೌಂಟ್" ಬಟನ್ ಸರಿಯಾಗಿ ಬಹುಮಾನದ ಬಟನ್ ಮೇಲೆ ಬರೋ ಹಾಗೆ ಕೂರಿಸ್ತಾನೆ. ನೀವು ಒತ್ತೋದು ಬಹುಮಾನ, ಒತ್ತಿಹೋಗೋದು ಡಿಲೀಟ್. ಇದಕ್ಕೆ ಕ್ಲಿಕ್‌ಜಾಕಿಂಗ್ ಅಂತ 2008ರಲ್ಲಿ ಹೆಸರಿಟ್ಟರು.

ತಡೆಯೋದು ಕಷ್ಟ ಅಲ್ಲ. ಸರ್ವರ್‌ನಿಂದ ಪುಟದ ಜೊತೆ ಒಂದು ಹೆಡರ್ ಕಳಿಸಿದರೆ ಸಾಕು. ಹಳೆಯದು ಎಕ್ಸ್-ಫ್ರೇಮ್-ಆಪ್ಶನ್ಸ್, ಅದಕ್ಕೆ ಡಿನೈ ಅಥವಾ ಸೇಮ್‌ಒರಿಜಿನ್ ಅಂತ ಕೊಡಬೇಕು. ಈಗಿನದು ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯ ಫ್ರೇಮ್-ಆನ್ಸೆಸ್ಟರ್ಸ್, ಅದರಲ್ಲಿ ಯಾವ್ಯಾವ ಸೈಟ್ ನಮ್ಮನ್ನು ಫ್ರೇಮ್ ಮಾಡಬಹುದು ಅಂತ ಪಟ್ಟಿ ಕೊಡಬಹುದು. ಗೂಗಲ್ ಮುಖಪುಟವನ್ನು ನಿಮ್ಮ ಐಫ್ರೇಮ್‌ನಲ್ಲಿ ಹಾಕಿ ನೋಡಿ, ಕನೆಕ್ಟ್ ಆಗೋಕೆ ನಿರಾಕರಿಸಿದೆ ಅಂತ ಬರತ್ತೆ. ನಿಮ್ಮ ಕೋಡ್ ತಪ್ಪಲ್ಲ, ಇಂಥ ಹೆಡರ್‌ನ ಕೆಲಸ ಅದು.

ಇನ್ನು ನಾವು ಬೇರೆಯವರನ್ನು ಒಳಗೆ ಕರೆಯುವಾಗ: ನಂಬಿಕೆ ಇಲ್ಲದ ಪುಟಕ್ಕೆ ಸ್ಯಾಂಡ್‌ಬಾಕ್ಸ್ ಆಟ್ರಿಬ್ಯೂಟ್ ಹಾಕಿ, ಆಗ ಅದು ಸ್ಕ್ರಿಪ್ಟ್ ಓಡಿಸೋಕೆ, ಫಾರ್ಮ್ ಕಳಿಸೋಕೆ ನಿಮ್ಮ ಅನುಮತಿ ಬೇಕು. ಪ್ರತಿ ಐಫ್ರೇಮ್‌ಗೂ ಅರ್ಥ ಇರೋ ಟೈಟಲ್ ಕೊಡಿ, "ಫೆಸ್ಟ್ ನಡೆಯುವ ಜಾಗದ ಮ್ಯಾಪ್" ಅನ್ನೋ ಹಾಗೆ.

ನಿಮ್ಮ ಪ್ರಾಜೆಕ್ಟ್‌ಗೆ ನಾಲ್ಕು ಪರೀಕ್ಷೆ

ಫ್ರೇಮ್‌ಸೆಟ್ ಬರೆಯೋರು ಈಗ ನಮ್ಮ ಕ್ಯಾಂಪಸ್‌ನಲ್ಲಿ ಯಾರೂ ಇಲ್ಲ. ಆದರೆ ಎಲ್ಲಿ ಕ್ಲಿಕ್ ಮಾಡಿದರೂ ವಿಳಾಸ ಬದಲಾಗದ ಸಿಂಗಲ್ ಪೇಜ್ ಆ್ಯಪ್‌ಗಳು ಬೇಕಾದಷ್ಟಿವೆ. ಟ್ಯಾಬ್ ಬದಲಾಗತ್ತೆ, ಪಾಪ್‌ಅಪ್ ಬರತ್ತೆ, ವಿಷಯ ಬದಲಾಗತ್ತೆ, ಅಡ್ರೆಸ್ ಬಾರ್ ಮಾತ್ರ ಸುಮ್ಮನೆ ಕೂತಿರತ್ತೆ. 60 ಸ್ಥಿತಿ, ಒಂದು ಹೆಸರು. ಡೆಮೊ ಕೊಡುವ ಮೊದಲು ಹೀಗೆ ಮಾಡಿ ನೋಡಿ.

ಒಂದು, ಮೂರು ಕ್ಲಿಕ್ ಒಳಗೆ ಹೋಗಿ ವಿಳಾಸ ಕಾಪಿ ಮಾಡಿ ಇನ್‌ಕಾಗ್ನಿಟೊದಲ್ಲಿ ಹಾಕಿ. ಅದೇ ಪುಟ, ಅಥವಾ ಲಾಗಿನ್ ಬೇಕಾದರೆ ಲಾಗಿನ್ ಆದ ಮೇಲೆ ಅದೇ ಪುಟ ಬರಬೇಕು. ಎರಡು, ಬ್ಯಾಕ್ ಒತ್ತಿ. ಒಂದೇ ಹೆಜ್ಜೆ ಹಿಂದೆ ಹೋಗಬೇಕು, ಸೈಟ್‌ನಿಂದ ಆಚೆ ಅಲ್ಲ. ಮೂರು, ರಿಫ್ರೆಶ್ ಮಾಡಿ. ಇದ್ದಲ್ಲೇ ಇರಬೇಕು, 404 ಬರಬಾರದು. ನಾಲ್ಕು, ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್ ಮತ್ತು ಎಂಟರ್ ಕೀಗಳಿಂದ ಮೆನುವಿನಿಂದ ವಿಷಯಕ್ಕೆ ಹೋಗೋಕೆ ಆಗತ್ತಾ ನೋಡಿ.

ಹಾಸ್ಟೆಲ್ ನೋಟಿಸ್ ಇರಲಿ, ಪ್ಲೇಸ್‌ಮೆಂಟ್ ಪಟ್ಟಿ ಇರಲಿ, ಯಾರಾದರೂ ಲಿಂಕ್ ಕಳಿಸಿದರೆ ಅದರ ಅರ್ಥ "ನಾನು ನೋಡ್ತಿರೋದನ್ನು ನೀನೂ ನೋಡು" ಅಂತ. ಆ ಮಾತು ಉಳಿಯಬೇಕಾದ್ರೆ ಪರದೆ ಮೇಲಿನ ಪ್ರತಿ ಮುಖ್ಯ ಸ್ಥಿತಿಗೂ ತನ್ನದೇ ಒಂದು ವಿಳಾಸ ಇರಬೇಕು. ಲೇಔಟ್ ಎಷ್ಟು ಚೆಂದ ಇದ್ದರೂ ಅದು ಆಮೇಲಿನ ವಿಷಯ.